ಬಾಗಿಲಲ್ಲಿ ತಪಾಸಣೆ, ಒಳಗೆ ಮುಚ್ಚಿದ ಕಿಟಕಿ

ಕೋವಿಡ್ ಕಾಲದಲ್ಲಿ ಶಾಲೆ, ಕಚೇರಿ, ಕಾರ್ಖಾನೆಗಳಿಗೆಂದು ಹೊರಟ ಮಾರ್ಗಸೂಚಿಗಳನ್ನು ಅವಸರದಲ್ಲಿ ಪಾಲಿಸಿದೆವು, ಅಷ್ಟೇ ಅವಸರದಲ್ಲಿ ಕೈಬಿಟ್ಟೆವು. ಅವುಗಳಲ್ಲಿ ಯಾವುದು ಉಳಿಯಬೇಕಿತ್ತು, ಯಾವುದು ಮೊದಲಿನಿಂದಲೂ ಕಡಿಮೆ ಬಿದ್ದಿತ್ತು ಎಂದು ಈಗಲಾದರೂ ಅಳೆದು ನೋಡಬೇಕು. ಲಕ್ಕುಂಡಿಯಂಥ ಊರಿಗೆ ಇದು ಹಳೆಯ ವಿಷಯವಲ್ಲ. ಕಾಲೇಜಿನ ಮಕ್ಕಳು, ಅಂಗಡಿ-ಗೋದಾಮುಗಳಲ್ಲಿ ದುಡಿಯುವವರು ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಒತ್ತಿಕೊಂಡು ಗದಗಿಗೆ ಹೋಗುತ್ತಾರೆ, ಸಂಜೆ ಹಾಗೆಯೇ ಮರಳುತ್ತಾರೆ. ಮಳೆಗಾಲದಲ್ಲಿ ಬಸ್ಸಿನ ಗಾಜುಗಳೆಲ್ಲ ಮುಚ್ಚಿರುತ್ತವೆ. ಊರಿಗೆ ನೆಗಡಿ, ಜ್ವರ ಬರುವ ದಾರಿ ಇದೇ.

ಗುಣವನ್ನು ಮೊದಲು ಹೇಳಬೇಕು. 2020ರ ಜೂನ್ 25ರಿಂದ ಕರ್ನಾಟಕ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸಿತು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದರು. ಗೇಟಿನಲ್ಲಿ ಜ್ವರದ ತಪಾಸಣೆ, ಮಾಸ್ಕ್, ಕೊಠಡಿಯಲ್ಲಿ ದೂರ ದೂರ ಕೂರಿಸಿದ ಬೆಂಚು, ಜ್ವರ ಬಂದವರಿಗೆ ಪ್ರತ್ಯೇಕ ಕೊಠಡಿ. ಅನಾರೋಗ್ಯವಿದ್ದರೆ ಮುಂದಿನ ಬಾರಿ ಬರೆಯಲು ಅವಕಾಶವಿತ್ತು, ಅದನ್ನು ಮೊದಲ ಯತ್ನವೆಂದೇ ಎಣಿಸುವ ಭರವಸೆಯೂ ಇತ್ತು. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಈ ಕೊನೆಯ ಅಂಶ. ಜ್ವರ ಬಂದ ಮಗು ಮನೆಯಲ್ಲಿ ಉಳಿದರೆ ವರ್ಷ ಹಾಳಾಗುವುದಿಲ್ಲ ಎಂದ ಮೇಲೆ ಯಾವ ತಾಯಿಯೂ ಗುಳಿಗೆ ನುಂಗಿಸಿ ಕಳಿಸುವ ಇಕ್ಕಟ್ಟಿಗೆ ಸಿಲುಕುವುದಿಲ್ಲ.

ಇನ್ನು ಕೊರತೆ. ಹಣೆಗೆ ಹಿಡಿಯುವ ಯಂತ್ರ ಜ್ವರವನ್ನಷ್ಟೇ ತೋರಿಸುತ್ತದೆ. ಫ್ಲೂ ಆಗಲಿ ಕೋವಿಡ್ ಆಗಲಿ, ಮೈ ಬಿಸಿಯಾಗುವ ಮೊದಲೇ ಹರಡತೊಡಗುತ್ತದೆ. ಆದರೂ ಎಲ್ಲ ಕಡೆ ಶ್ರಮ, ಹಣ ಸುರಿದದ್ದು ಬಾಗಿಲಿಗೆ, ಸ್ಯಾನಿಟೈಸರಿಗೆ, ಮೇಜು ಒರೆಸುವುದಕ್ಕೆ. ತಪ್ಪು ನಮ್ಮದೊಂದೇ ಅಲ್ಲ. ಕೋವಿಡ್ ಗಾಳಿಯಲ್ಲಿ ಹರಡುವ ರೋಗವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಚ್‌ನಲ್ಲಿ ಸಾರಿತ್ತು. ಜುಲೈನಲ್ಲಿ 239 ವಿಜ್ಞಾನಿಗಳು ಅದನ್ನು ಪ್ರಶ್ನಿಸಿ ಬಹಿರಂಗ ಪತ್ರ ಬರೆದರು. ಮುಚ್ಚಿದ ಜಾಗದ ಗಾಳಿಯಿಂದ ಸೋಂಕು ಹರಡುತ್ತದೆಂದು ಸಂಸ್ಥೆ ಸ್ಪಷ್ಟವಾಗಿ ಒಪ್ಪಿದ್ದು 2021ರಲ್ಲಿ.

ನಮ್ಮ ನೆರೆಯಲ್ಲೇ ಇದಕ್ಕೆ ಪುರಾವೆ ಸಿಕ್ಕಿತು. 2021ರ ನವೆಂಬರಿನಲ್ಲಿ ಧಾರವಾಡದ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ ಒಂದು ಸಮಾರಂಭದ ಬೆನ್ನಿಗೇ ಸೋಂಕು ಕಾಣಿಸಿಕೊಂಡು ಪೀಡಿತರ ಸಂಖ್ಯೆ ಕೆಲವೇ ದಿನಗಳಲ್ಲಿ ಮುನ್ನೂರರ ಗಡಿಗೆ ಹೋಯಿತು. ಅವರಲ್ಲಿ ಹೆಚ್ಚಿನವರು ಎರಡು ಡೋಸ್ ಲಸಿಕೆ ಪಡೆದವರು. ಬಹುತೇಕರಿಗೆ ಕಾಯಿಲೆ ತೀವ್ರವಾಗಲಿಲ್ಲ, ಅದು ಲಸಿಕೆಯ ಉಪಕಾರ. ಆದರೆ ಜನ ಒತ್ತಾಗಿ ಸೇರಿದ ಕಡೆ ಸೋಂಕು ಹರಡುವುದನ್ನು ಲಸಿಕೆಯೊಂದೇ ತಡೆಯಲಾರದು ಎಂಬುದೂ ಅಲ್ಲಿ ತಿಳಿಯಿತು.

ಹಾಗಿದ್ದರೆ ಕೊಠಡಿಗಳು ಬದಲಾದವೇ? ಯಾವುದಾದರೂ ಹಳೆಯ ಶಾಲಾ ಕೊಠಡಿಗೆ ಹೋಗಿ ಕಿಟಕಿಗಳನ್ನು ನೋಡಿ. ಒಂದರ ಚಿಲಕಕ್ಕೆ ಬಣ್ಣ ಮೆತ್ತಿ ಅಲುಗುವುದೇ ಇಲ್ಲ. ಇನ್ನೊಂದಕ್ಕೆ ಬೀರು ಅಡ್ಡ ನಿಂತಿದೆ. ಮತ್ತೊಂದನ್ನು ರಸ್ತೆಯ ದೂಳಿಗೆ ಹೆದರಿ ಮುಚ್ಚಿದ್ದಾರೆ. ಎದುರುಬದುರು ಎರಡು ಕಿಟಕಿ ತೆರೆದರೆ ಗಾಳಿ ಆಡುತ್ತದೆ. ಒಂದೇ ಬದಿಯದು ತೆರೆದರೆ ಸಾಲದು. ಫ್ಯಾನು ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಹೊರಗಿನದನ್ನು ತರುವುದಿಲ್ಲ. ಹೊಸ ಗಾಳಿ ಆಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು, ತಲಾ ಕಾರ್ಮಿಕನಿಗೆ 14.2 ಘನ ಮೀಟರ್ ಜಾಗವನ್ನೂ ಗೊತ್ತುಮಾಡಿತ್ತು. ಅಂಥ ಅಳತೆ ಗದಗಿನ ಪಕ್ಕದ ಬೆಟಗೇರಿಯ ಮನೆಯೊಳಗಿನ ಮಗ್ಗಕ್ಕೆ, ಟ್ಯೂಷನ್ ಕೋಣೆಗೆ, ಅಂಗಡಿಯ ಹಿಂದಿನ ಗೋದಾಮಿಗೆ ತಲುಪಲೇ ಇಲ್ಲ.

ಎರಡನೆಯ ಕೊರತೆ ಕೂಲಿಯದು. ಪರೀಕ್ಷೆಯಲ್ಲಿ ಮಕ್ಕಳಿಗೆ ಸಿಕ್ಕ ಭರವಸೆ ದುಡಿಯುವವರಿಗೆ ಸಿಕ್ಕಿಲ್ಲ. ನೌಕರರ ರಾಜ್ಯ ವಿಮೆ (ಇಎಸ್‌ಐ) ಇದ್ದವರಿಗೆ ಕಾಯಿಲೆಯ ಕಾಲಕ್ಕೆ ಕೂಲಿಯ ಶೇ 70ರಷ್ಟು, ವರ್ಷಕ್ಕೆ 91 ದಿನದವರೆಗೆ ಕೊಡುವುದು 1948ರ ಇಎಸ್‌ಐ ಕಾಯ್ದೆ ಕಟ್ಟಿದ ಪದ್ಧತಿ. ದೊಡ್ಡ ಉಪಕಾರವೇ ಸರಿ. ಆದರೆ ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಏನೂ ಇಲ್ಲ. ಫ್ಲೂ ಅತಿ ಹೆಚ್ಚು ಹರಡುವುದು ಆ ಮೊದಲ ದಿನಗಳಲ್ಲೇ. ಮನೆಯಲ್ಲಿ ಇರಲೇಬೇಕಾದ ದಿನಕ್ಕೇ ಪಗಾರ ಇಲ್ಲವೆಂದರೆ ಮನುಷ್ಯ ಕೆಮ್ಮುತ್ತಲೇ ಕೆಲಸಕ್ಕೆ ಹೋಗುತ್ತಾನೆ. ಇಎಸ್‌ಐ ಇಲ್ಲದ ದಿನಗೂಲಿಯವರಿಗಂತೂ ಕೆಲಸ ತಪ್ಪಿದ ದಿನ ಒಲೆ ಹೊತ್ತುವುದೇ ಕಷ್ಟ. ಕ್ಷಯದ ವಿಷಯದಲ್ಲೂ ಇದೇ ಕಥೆ: ಎರಡು ವಾರ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ ಎನ್ನುತ್ತೇವೆ, ಪರೀಕ್ಷೆಗೆ ಹೋಗುವ ದಿನದ ಕೂಲಿಯ ಮಾತೆತ್ತುವುದಿಲ್ಲ.

ಹಾಗಾಗಿ ನನ್ನ ತೀರ್ಮಾನ ಇದು: ನಮ್ಮ ಮಾರ್ಗಸೂಚಿಗಳು ಬಾಗಿಲಲ್ಲಿ ಚುರುಕಾಗಿದ್ದವು, ಕೊಠಡಿಯೊಳಗೆ ಮತ್ತು ಹಾಜರಿ ಪುಸ್ತಕದಲ್ಲಿ ಸೋತವು. ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಈ ಬೇಸಿಗೆ ರಜೆಯಲ್ಲೇ ಎಲ್ಲ ಕಿಟಕಿಗಳ ಚಿಲಕ ಸರಿಪಡಿಸಲಿ. ಮಾಲೀಕರು ಜ್ವರದ ಮೊದಲ ಎರಡು ದಿನಕ್ಕೆ ಪೂರ್ತಿ ಪಗಾರ ಕೊಡಲಿ. ಒಬ್ಬರಿಂದ ಹತ್ತು ಮಂದಿ ಮಲಗುವುದಕ್ಕಿಂತ ಆ ಖರ್ಚು ಕಡಿಮೆ. ಕೆಮ್ಮುವವರು ಮಾಸ್ಕ್ ಹಾಕುವುದು ನಾಚಿಕೆಯ ವಿಷಯವಾಗದಿರಲಿ. ಇವಕ್ಕೆ ಹೊಸ ಯಂತ್ರ ಬೇಡ, ಇನ್ನೊಂದು ಮಹಾಮಾರಿ ಬರುವವರೆಗೆ ಕಾಯುವುದೂ ಬೇಡ.