ಎರ್ಮಿನ್ ಹಿಡಿದ ಚೆಚೀಲಿಯಾ

ಮುಖಕ್ಕಿಂತ ಮೊದಲು ಕಣ್ಣು ಸೆಳೆಯುವುದು ಆ ಬಲಗೈ. ನೀಳ ಬೆರಳುಗಳು, ಚರ್ಮದಡಿಯ ಮೂಳೆಯ ಏರಿಳಿತ. ಕೈಯ ಕೆಳಗೆ ಮುಂಗಾಲೆತ್ತಿ ಕಿವಿ ನಿಮಿರಿಸಿದ, ಎರ್ಮಿನ್ ಎಂಬ ಪುಟ್ಟ ಬಿಳಿ ಪ್ರಾಣಿ. ಸುಮಾರು 1490ರಲ್ಲಿ ಲಿಯೊನಾರ್ಡೊ ಡ ವಿಂಚಿ ಆಕ್ರೋಟ್ ಹಲಗೆಯ ಮೇಲೆ ಬರೆದ ಈ ತೈಲಚಿತ್ರದ ಹುಡುಗಿ ಚೆಚೀಲಿಯಾ ಗಲ್ಲೆರಾನಿ, ಮಿಲಾನ್ ಆಳುತ್ತಿದ್ದ ಲುದೊವಿಕೊ ಸ್ಫೋರ್ಜಾನ ಪ್ರೇಯಸಿ. ಇಟಲಿಯಲ್ಲಿ ಹೆಣ್ಣಿನ ಭಾವಚಿತ್ರವೆಂದರೆ ಬಹುಮಟ್ಟಿಗೆ ಪಕ್ಕನೋಟವೇ ಆಗಿದ್ದ ಕಾಲವದು. ಲಿಯೊನಾರ್ಡೊ ಮೈಯನ್ನು ಒಂದು ಕಡೆ, ಮುಖವನ್ನು ಇನ್ನೊಂದು ಕಡೆ ತಿರುಗಿಸಿದ. ಯಾರೋ ಕರೆದಂತೆ ಆಕೆ ಅತ್ತ ನೋಡುತ್ತಾಳೆ.

1498ರಲ್ಲಿ ಮಾಂತುವಾದ ಇಸಬೆಲ್ಲಾ ದೆಸ್ತೆ ಚಿತ್ರವನ್ನು ಎರವಲು ಕೇಳಿದಳು. ಚೆಚೀಲಿಯಾ ಕಳಿಸಿಕೊಟ್ಟಳು, ಆಗ ತೀರಾ ಚಿಕ್ಕವಳಿದ್ದೆ, ಈಗ ಹೋಲಿಕೆ ಉಳಿದಿಲ್ಲ ಎಂದೂ ಬರೆದಳು.

ಸುಮಾರು 1800ರಲ್ಲಿ ಪೋಲೆಂಡಿನ ರಾಜಕುಮಾರ ಆಡಂ ಯೆಝಿ ಚಾರ್ಟೊರಿಸ್ಕಿ ಇಟಲಿಯಲ್ಲಿ ಇದನ್ನು ಕೊಂಡು ತಾಯಿ ಇಝಬೆಲಾಗೆ ಕೊಟ್ಟ. ಪೋಲೆಂಡನ್ನು ನೆರೆರಾಜ್ಯಗಳು ಹಂಚಿಕೊಂಡಿದ್ದ ಆ ದಿನಗಳಲ್ಲಿ ಆಕೆ ಪುವಾವಿಯಲ್ಲಿ ಮ್ಯೂಸಿಯಂ ಕಟ್ಟಿದ್ದಳು. ಸಂಗ್ರಹವೆಂದರೆ ಆಕೆಗೆ ದೇಶದ ನೆನಪನ್ನು ಕಾಯುವ ಕೆಲಸ. ಚಿತ್ರದ ಎಡಮೂಲೆಯಲ್ಲಿ ನಂತರ ಯಾರೋ ಬರೆದ ತಪ್ಪು ಹೆಸರು ಇಂದಿಗೂ ಇದೆ.

ಪೋಲೆಂಡಿನ 1830ರ ದಂಗೆಯ ನಂತರ ಚಿತ್ರ ಪ್ಯಾರಿಸ್ ಸೇರಿತು, ಆಮೇಲೆ ಕ್ರಾಕೋವ್‌ಗೆ ಬಂತು. 1939ರಲ್ಲಿ ನಾತ್ಸಿಗಳ ಪಾಲಾಗಿ, ಅಲ್ಲಿಗೆ ಅವರು ನೇಮಿಸಿದ್ದ ಗವರ್ನರ್ ಹಾನ್ಸ್ ಫ್ರಾಂಕ್‌ನ ವಶದಲ್ಲೂ ಇತ್ತು. 1946ರಲ್ಲಿ ಪೋಲೆಂಡಿಗೆ ಮರಳಿತು. ಅದೇ ಸಂಗ್ರಹದ ರಾಫೆಲ್‌ನ ತರುಣನ ಭಾವಚಿತ್ರ ಮಾತ್ರ ಸಿಗಲೇ ಇಲ್ಲ. 2016ರಲ್ಲಿ ಪೋಲೆಂಡ್ ಸರ್ಕಾರ 10 ಕೋಟಿ ಯೂರೋ ಕೊಟ್ಟು ಚಾರ್ಟೊರಿಸ್ಕಿ ಸಂಗ್ರಹವನ್ನು ಇಡಿಯಾಗಿ ಕೊಂಡಿತು.