ಉಪ್ಪು ಹುಳಿ ನೋಡುವವರು ಯಾರು?

ನಾಗರಬಾವಿ ಎರಡನೆಯ ಹಂತದ ನಮ್ಮ ಬೀದಿಯಿಂದ ಸ್ವಲ್ಪ ದೂರ ನಡೆದರೆ ಅನ್ನಪೂರ್ಣೇಶ್ವರಿ ನಗರ. ಆ ಹೆಸರಿನ ಪುಣ್ಯವೋ ಏನೋ, ಈ ಕಡೆಯ ರಸ್ತೆಗಳಲ್ಲಿ ಊಟ ತಿಂಡಿಗೆ ಬರವಿಲ್ಲ. ಬೆಳಗಾದರೆ ದರ್ಶಿನಿಗಳ ಮುಂದೆ ಇಡ್ಲಿ ವಡೆಗೆ ನಿಂತವರು, ಸಂಜೆಯಾದರೆ ಗಾಡಿಗಳ ಮುಂದೆ ಗೋಬಿ ಮಂಚೂರಿಗೆ ಮುತ್ತಿದವರು. ಒಂದು ಕಡೆ ರಾಷ್ಟ್ರೀಯ ಕಾನೂನು ಶಾಲೆ, ಇನ್ನೊಂದು ಕಡೆ ಜ್ಞಾನಭಾರತಿ. ದೇಶದ ಎಲ್ಲೆಲ್ಲಿಂದಲೋ ಓದಲು ಬಂದ ಮಕ್ಕಳ ನಾಲಿಗೆಯನ್ನು ಹಿಂಬಾಲಿಸಿಕೊಂಡು ಅಡುಗೆಗಳೂ ಬಂದಿವೆ. ಹಾಗೆ ಬಂದವುಗಳಲ್ಲಿ ಥಾಯ್ಲೆಂಡಿನ ಹಸಿರು ಕರಿಯೂ ಒಂದು.

ಒಂದು ಭಾನುವಾರ ಮಗಳು ಅದನ್ನು ಮನೆಗೇ ತರಿಸಿದಳು. ಡಬ್ಬಿ ತೆರೆದರೆ ತೆಳು ಹಸಿರು ಬಣ್ಣದ ಗಟ್ಟಿ ತೆಂಗಿನ ಹಾಲು. ಅದರಲ್ಲಿ ಬ್ರೊಕೊಲಿ, ಎಳೆಯ ಜೋಳದ ತೆನೆ, ದೊಣ್ಣೆಮೆಣಸಿನಕಾಯಿ ತೇಲುತ್ತಿದ್ದವು. ಮೊದಲ ತುತ್ತು ಹಿತವಾಗಿತ್ತು. ಮೂರನೆಯದಕ್ಕೆ, ಪಾಯಸಕ್ಕೆ ಯಾರೋ ಮರೆತು ಹಸಿಮೆಣಸಿನಕಾಯಿ ಹಾಕಿದಂತೆ ಅನ್ನಿಸಿತು.

"ಇದಕ್ಕೆ ಒಂದು ಚೂರು ಹುಳಿ ಬೇಕಿತ್ತು ಕಣೇ" ಎಂದೆ.

"ನಿನಗೆ ಎಲ್ಲಾನೂ ಗೊಜ್ಜಿನ ಹಾಗೇ ಇರಬೇಕಮ್ಮಾ" ಎಂದು ಅವಳು ನಕ್ಕಳು.

ಮಗಳು ಹಂಗಿಸಲೆಂದು ಆಡಿದ ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಸಿಕ್ಕಿದ್ದನ್ನು ಓದಿದೆ, ತಿಳಿದವರನ್ನು ಕೇಳಿದೆ. ಕೊನೆಗೆ ಎರಡು ವರ್ಷದ ಹಿಂದೆ ದಸರಾ ರಜೆಯಲ್ಲಿ ಅವಳ ಜೊತೆಗೆ ನಾಲ್ಕು ದಿನ ಬ್ಯಾಂಕಾಕನ್ನೂ ನೋಡಿ ಬಂದೆ. ಈಗ ಹೇಳಬಲ್ಲೆ: ಅವಳ ಮಾತೂ ಅರ್ಧ ಸರಿ, ನನ್ನದೂ ಅರ್ಧ ತಪ್ಪು.

ನನ್ನ ತಪ್ಪನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಹಸಿರು ಕರಿಗೆ ಬೇಕಾಗಿದ್ದದ್ದು ಹುಳಿಯಲ್ಲ, ಕಹಿ. ಅದರ ಥಾಯ್ ಹೆಸರು 'ಕೇಂಗ್ ಖಿಯವ್ ವಾನ್'. ವಾನ್ ಎಂದರೆ ಸಿಹಿ. ಆದರೆ ಆ ಸಿಹಿ ನಾಲಿಗೆಗೆ ಸೇರಿದ್ದಲ್ಲ, ಬಣ್ಣಕ್ಕೆ ಸೇರಿದ್ದು, ಕಣ್ಣಿಗೆ ಮೃದುವಾದ ಹಸಿರು ಎಂಬ ಅರ್ಥದಲ್ಲಿ ಎಂದು ಬಲ್ಲವರು ವಿವರಿಸುತ್ತಾರೆ. ಅಲ್ಲಿ ಅದಕ್ಕೆ ಹಾಕುವ ಕಾಯಿಗಳಲ್ಲಿ ಬಟಾಣಿ ಗಾತ್ರದ್ದೊಂದು ಇದೆ. ಗೊಂಚಲು ಗೊಂಚಲಾಗಿ ಬಿಡುತ್ತದೆ, ಕಚ್ಚಿದರೆ ಕಹಿ. ನೋಡಿದ ಕೂಡಲೇ ಗುರುತು ಸಿಕ್ಕಿತು. ಅದು ನಮ್ಮ ಸುಂಡೆಕಾಯಿ! ತೆಂಗಿನ ಹಾಲಿನ ಜಿಡ್ಡನ್ನು ಕತ್ತರಿಸಿ ಬಾಯನ್ನು ಮತ್ತೆ ಮತ್ತೆ ಎಚ್ಚರಿಸುವುದು ಈ ಕಹಿ. ಆ ಕೆಲಸವನ್ನು ಬ್ರೊಕೊಲಿಯ ಕೈಲಿ ಮಾಡಿಸಲು ಹೊರಟರೆ ಆಗುವುದು ಪಾಯಸವೇ.

ಇನ್ನು ಮಗಳ ಮಾತಿನಲ್ಲಿದ್ದ ಅರ್ಧ ಸತ್ಯ. ಹಾಗಲಕಾಯಿ ಗೊಜ್ಜನ್ನು ನೆನೆಸಿಕೊಳ್ಳಿ. ಹುಣಸೆಯ ಹುಳಿ, ಬೆಲ್ಲದ ಸಿಹಿ, ಉಪ್ಪು, ಮೆಣಸಿನಕಾಯಿಯ ಖಾರ, ಹಾಗಲದ ಕಹಿ, ಐದೂ ಒಂದೇ ತುತ್ತಿನಲ್ಲಿ. ಯಾವುದೂ ಇನ್ನೊಂದನ್ನು ತುಳಿಯುವಂತಿಲ್ಲ. ಥಾಯ್ ಅಡುಗೆಯ ಮೂಲಸೂತ್ರವೂ ಹೆಚ್ಚು ಕಡಿಮೆ ಇದೇ. 'ತೋಮ್ ಯಾಮ್' ಎಂಬ ಅವರ ಹುಳಿಖಾರದ ಸಾರಿಗೆ ಮಜ್ಜಿಗೆ ಹುಲ್ಲು, ಶುಂಠಿಯ ದಾಯಾದಿಯಾದ ಗಲಾಂಗಲ್ ಗೆಡ್ಡೆ, ನಮ್ಮ ಕಂಚಿ ಹೇರಳೆಗಳ ಬಂಧುವಾದ ಒಂದು ನಿಂಬೆಯ ಎಲೆ ಬೀಳುತ್ತವೆ. ನಿಂಬೆರಸ ಮಾತ್ರ ಒಲೆಯಿಂದ ಇಳಿಸಿದ ಮೇಲೆ. ಕುದಿದರೆ ಕಹಿಯಾಗುತ್ತದೆ ಎಂಬುದು ಚಿತ್ರಾನ್ನ ಕಲಸುವ ನಮಗೆ ಹೇಳಿಕೊಡಬೇಕಾದ ವಿಷಯವಲ್ಲ. ಸೀಗಡಿ ಹಾಕಿದ ಈ ಸಾರನ್ನು 2024ರ ಡಿಸೆಂಬರಿನಲ್ಲಿ ಯುನೆಸ್ಕೊ ಮನುಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಮಾತಿನಲ್ಲೂ ನಂಟಿದೆ. ಖಾರಕ್ಕೆ ನಮ್ಮಲ್ಲಿ ಮೊದಲಿದ್ದದ್ದು ಮೆಣಸು. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ 'ಸೂಪಶಾಸ್ತ್ರ' ಬರೆದಾಗ ಮೆಣಸಿನಕಾಯಿ ನಮ್ಮ ಅಡುಗೆಮನೆಗೆ ಕಾಲಿಟ್ಟಿರಲಿಲ್ಲ. ಪೋರ್ಚುಗೀಸರ ಹಡಗಿನಲ್ಲಿ ಅದು ಬಂದಾಗ ನಾವು ಹಳೆಯ ಹೆಸರನ್ನು ಹೊಸಬಳಿಗೆ ಉಡಿಸಿ ಮೆಣಸಿನಕಾಯಿ ಎಂದೆವು. ಹಳಬಳು ಕಾಳುಮೆಣಸು, ಒಳ್ಳೆಮೆಣಸು ಎಂದು ಬೇರೆ ಗುರುತು ಹಚ್ಚಿಕೊಳ್ಳಬೇಕಾಯಿತು. ಥಾಯ್ ಜನ ಮಾಡಿದ್ದೂ ಇದನ್ನೇ. ಮೆಣಸಿನ 'ಫ್ರಿಕ್' ಎಂಬ ಹೆಸರು ಮೆಣಸಿನಕಾಯಿಗೆ ಹೋಯಿತು, ಮೆಣಸು 'ಫ್ರಿಕ್ ಥಾಯ್' ಆಯಿತು. ಥಾಯ್ ಮೆಣಸು, ಅಂದರೆ ಮನೆಯ ಮೆಣಸು.

ಹಾಗಾಗಿ 'ಸಾಂಪ್ರದಾಯಿಕ' ಎಂದು ಹೋಟೆಲಿನ ಪಟ್ಟಿಯಲ್ಲಿ ಬರೆದದ್ದನ್ನು ಓದುವಾಗ ಸ್ವಲ್ಪ ಹುಷಾರಾಗಿರಬೇಕು. ಅವರ ಪ್ರಸಿದ್ಧ 'ಸೋಮ್ ತಾಮ್' ಹಸಿ ಪರಂಗಿಕಾಯಿಯ ಕೋಸಂಬರಿ. ಅದರಲ್ಲಿ ಬೀಳುವ ಪರಂಗಿ, ಮೆಣಸಿನಕಾಯಿ, ಟೊಮೆಟೊ, ಕಡಲೆಕಾಯಿ ಬೀಜ ನಾಲ್ಕೂ ಅಮೆರಿಕ ಖಂಡದಿಂದ ಬಂದವು. ಹುಣಸೆಹುಳಿ, ಬೆಲ್ಲ ಹಾಕಿ ಬಾಡಿಸುವ ಅಕ್ಕಿ ಶಾವಿಗೆ 'ಪಾಡ್ ಥಾಯ್' ಅಂತೂ ಸರ್ಕಾರವೇ ಬೆಳೆಸಿದ ಕೂಸು. 1939ರಲ್ಲಿ ಸಯಾಮ್ ದೇಶದ ಹೆಸರನ್ನು ಥಾಯ್ಲೆಂಡ್ ಎಂದು ಬದಲಿಸಿದ ಪ್ರಧಾನಿ ಫಿಬೂನ್ ಸಾಂಗ್‌ಖ್ರಾಮ್, ಒಂದು ದೇಶಕ್ಕೆ ಒಂದು ತಿನಿಸು ಇರಲೆಂದು ಅದನ್ನು ಊರೂರಿಗೆ ಹಬ್ಬಿಸಿದ. ನಮ್ಮ ಎಂಟಿಆರ್‌ನವರು ರವೆ ಇಡ್ಲಿಯನ್ನು ಎರಡನೆಯ ಮಹಾಯುದ್ಧದ ಅಕ್ಕಿಯ ಅಭಾವದಲ್ಲಿ ಮಾಡಿದೆವು ಎನ್ನುತ್ತಾರಲ್ಲ, ಸುಮಾರು ಅದರ ವಾರಿಗೆಯದೇ ಇದೂ. ಹಾಗೆಂದು ರವೆ ಇಡ್ಲಿ ನಮ್ಮದಲ್ಲವೆ? ಅಡುಗೆಗೆ ವಯಸ್ಸಿಗಿಂತ ಒಗ್ಗುವಿಕೆ ಮುಖ್ಯ.

ಇಲ್ಲಿ ನನ್ನ ವಿಮರ್ಶೆಗೇ ಒಂದು ತೊಡಕಿದೆ. ನಾನು ಶಾಕಾಹಾರಿ. ಥಾಯ್ ಅಡುಗೆಯಲ್ಲಿ ಉಪ್ಪಿನ ಜಾಗದಲ್ಲಿ ಇರುವುದು ಹೆಚ್ಚಾಗಿ 'ನಾಮ್ ಪ್ಲಾ', ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಕಳಿಸಿ ಇಳಿಸಿದ ರಸ. ಕರಿಗೆ ಅರೆಯುವ ಮಸಾಲೆಯಲ್ಲೂ ಸೀಗಡಿಯ ಹುದುಗು. ಅವರ ಉಪ್ಪನ್ನೇ ತಿನ್ನದವಳಿಗೆ ಅವರ ಅಡುಗೆಯನ್ನು ತೂಗಿ ನೋಡುವ ಅಧಿಕಾರ ಎಲ್ಲಿಂದ ಬಂತು? ಈ ಪ್ರಶ್ನೆ ಹೊತ್ತೇ ಹೋಗಿದ್ದೆ. ಉತ್ತರ ಬ್ಯಾಂಕಾಕಿನ ಚೀನೀ ಪೇಟೆಯಾದ ಯಾವರಾತ್ ಬೀದಿಯಲ್ಲಿ ಸಿಕ್ಕಿತು. ನಮ್ಮ ನವರಾತ್ರಿಯ ಆಸುಪಾಸಿನಲ್ಲೇ ಅಲ್ಲಿ ಒಂಬತ್ತು ದಿನ 'ಜೇ' ವ್ರತ. ಆ ದಿನಗಳಲ್ಲಿ ಮೀನು ಮಾಂಸ ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ವರ್ಜ್ಯ! ಅಂಗಡಿಗಳ ಮುಂದೆ ಹಳದಿ ಬಾವುಟ, ಅದರ ಮೇಲೆ ಕೆಂಪಕ್ಷರ. ಮೀನಿನ ರಸದ ಬದಲು ಸೋಯಾ ರಸ. ಹಾಗಾದರೆ ಮೀನಿಲ್ಲದ ಥಾಯ್ ರುಚಿ ನಮ್ಮ ಹೋಟೆಲಿನವರು ನಮಗಾಗಿ ಹೊಲಿದ ಅಂಗಿಯೇನಲ್ಲ, ಅದಕ್ಕೂ ಅಲ್ಲಿ ತನ್ನದೇ ಮಡಿಯಿದೆ ಎಂದು ಧೈರ್ಯ ಬಂತು. ನನ್ನ ತೀರ್ಪೂ ಆ ಮಡಿಯ ಮಟ್ಟಿಗೆ ಮಾತ್ರ ಎಂಬ ಮಿತಿಯೂ ತಿಳಿಯಿತು.

ಅಲ್ಲೊಬ್ಬಳು ಹೆಂಗಸು, ನನ್ನದೇ ವಯಸ್ಸಿನವಳು, ಹಳದಿ ಬಾವುಟದ ಗಾಡಿಯಲ್ಲಿ ಸೋಮ್ ತಾಮ್ ಮಾಡುತ್ತಿದ್ದಳು. ಆಳವಾದ ಮಣ್ಣಿನ ಒರಳು, ಮರದ ಕುಟ್ಟಾಣಿ. ಮೆಣಸಿನಕಾಯಿ ಎಷ್ಟು ಎಂದು ಬೆರಳು ತೋರಿಸಿ ಕೇಳಿದಳು. ಎರಡು ಎಂದೆ. ತಾಳೆಬೆಲ್ಲ, ನಿಂಬೆರಸ, ಅಲಸಂದೆಕಾಯಿ ಹಾಕಿ ನೋಯಿಸದ ಹಾಗೆ ಜಜ್ಜಿದಳು, ಪರಂಗಿ ತುರಿ ಹಾಕಿ ತಿರುವಿದಳು. ಆಮೇಲೆ ಒಂದು ಚಮಚದಲ್ಲಿ ಒಂದಿಷ್ಟು ರಸ ತೆಗೆದು ತಾನು ಚಪ್ಪರಿಸಿದಳು. ಹುಬ್ಬು ಗಂಟಿಕ್ಕಿ ಇನ್ನರ್ಧ ನಿಂಬೆ ಹಿಂಡಿದಳು. ಬೇರೆ ಚಮಚದಲ್ಲಿ ಮತ್ತಷ್ಟು ತೆಗೆದು ನನ್ನ ಮುಂದೆ ಹಿಡಿದಳು.

ನನ್ನ ಕೈ ಮುಂದೆ ಹೋಗಲಿಲ್ಲ.

"ತಗೋಮ್ಮ, ಸರಿಯಾಗಿದೆಯಾ ಹೇಳು ಅಂತಿದ್ದಾಳೆ" ಎಂದಳು ಮಗಳು.

ಮಗಳಿಗೆ ಆ ಹಿಂಜರಿಕೆ ತಿಳಿಯಲಾರದು, ನನ್ನ ಓರಗೆಯ ಓದುಗರಿಗೆ ತಿಳಿದೀತು. ತವರಿನಲ್ಲಿ ನಮ್ಮಮ್ಮ ಮಡಿಯಲ್ಲಿ ಅಡುಗೆ ಮಾಡುವವರು. ಒಂದು ದಿನ ಎಂಟು ವರ್ಷದ ನಾನು ಸೌಟಿನಿಂದ ಸಾರು ಅಂಗೈಗೆ ಬಿಟ್ಟುಕೊಂಡು ನೆಕ್ಕಿದ್ದಕ್ಕೆ "ದೇವರಿಗೆ ತೋರಿಸೋಕೆ ಮುಂಚೆ ಎಂಜಲು ಮಾಡ್ತೀಯಾ?" ಎಂದು ಇಡೀ ಪಾತ್ರೆಯ ಸಾರನ್ನು ಚೆಲ್ಲಿ ಮತ್ತೆ ಮಾಡಿದ್ದರು. ಅವರು ರುಚಿಯನ್ನು ಕಿವಿಯಿಂದ, ಮೂಗಿನಿಂದ, ಕಣ್ಣಿನಿಂದ ನೋಡುತ್ತಿದ್ದರು. ಕುದಿಯುವ ಸದ್ದು ಬದಲಾದರೆ ಹುಳಿ ಬೆಂದಿತೆಂದು ಗೊತ್ತು. ಆವಿ ಮೂಗಿಗೆ ಬಡಿದರೆ ಉಪ್ಪು ಕಡಿಮೆಯೆಂದು ಗೊತ್ತು. ಅದು ದೊಡ್ಡ ವಿದ್ಯೆ, ನಾನು ಅದನ್ನು ಹಗುರ ಮಾಡುವುದಿಲ್ಲ. ಆದರೆ ಮೊದಲ ಪಂಕ್ತಿಯಲ್ಲಿ ಕೂತು "ಇವತ್ತು ಉಪ್ಪು ಒಂದು ಕಲ್ಲು ಕಮ್ಮಿ" ಎಂದು ತೀರ್ಪು ಕೊಡುತ್ತಿದ್ದವರು ಅಪ್ಪ. ಅಮ್ಮನ ನಾಲಿಗೆಗೆ ಅದು ಮುಟ್ಟುವ ಹೊತ್ತಿಗೆ ಎಲ್ಲರ ಊಟವೂ ಮುಗಿದಿರುತ್ತಿತ್ತು. ಮಾಡಿದವಳಿಗೆ ತನ್ನ ಅಡುಗೆಯ ಮೇಲೆ ಕೊನೆಯ ಮಾತೂ ಇರಲಿಲ್ಲ, ಮೊದಲ ಮಾತೂ ಇರಲಿಲ್ಲ. ಮದುವೆಯಾಗಿ ಬಂದು, ಮಡಿ ಬಿಟ್ಟು ಎಷ್ಟೋ ವರ್ಷಗಳಾದರೂ ನಾನು ಹಾಗೇ ಅಡುಗೆ ಮಾಡಿಕೊಂಡು ಬಂದಿದ್ದೆ. ಅಭ್ಯಾಸ!

ಚಮಚ ತೆಗೆದುಕೊಂಡೆ. ಹುಳಿ ಮೊದಲು ಬಂತು, ಹಿಂದೆಯೇ ಸಿಹಿ, ಉಪ್ಪು. ಖಾರ ತಡವಾಗಿ ಬಂದು ಕಿವಿ ಬಿಸಿ ಮಾಡಿತು. ಸಿಹಿ ಒಂದು ಕೂದಲೆಳೆ ಹೆಚ್ಚೆನಿಸಿತು. ಹಾಗೆಂದು ಕೈಸನ್ನೆ ಮಾಡಿದೆ. ಅವಳು ತಲೆಯಾಡಿಸಿ ಇನ್ನಿಷ್ಟು ಹುಳಿ ಬಿಟ್ಟಳು. ಬೇಸರವಿಲ್ಲ, ಅವಮಾನವಿಲ್ಲ.

ನನ್ನ ಮುಖ್ಯ ತಕರಾರು ಇಲ್ಲಿಂದಲೇ ಹುಟ್ಟಿದ್ದು. ನಮ್ಮ ಕಡೆ ಥಾಯ್ ಹೆಸರಿನಲ್ಲಿ ಬಡಿಸುವ ಅಡುಗೆಯಲ್ಲಿ ನಾನು ಕಂಡ ಮಟ್ಟಿಗೆ ಸಾಮಾನಿಗೆ ಕೊರತೆಯಿಲ್ಲ. ಪೊಟ್ಟಣದ ಮಸಾಲೆ, ಡಬ್ಬಿಯ ತೆಂಗಿನ ಹಾಲು, ಬೇಕಾದ್ದು ಸಿಗುತ್ತದೆ. ಪತ್ರಿಕೆಗಳ ಅಡುಗೆ ಅಂಕಣವೂ ಎರಡು ಚಮಚ ಅದು, ಒಂದು ಬಟ್ಟಲು ಇದು ಎಂದು ಅಳೆದು ಕೊಡುತ್ತದೆ. ಆದರೆ ಇಂದಿನ ನಿಂಬೆ ನಿನ್ನೆಯ ನಿಂಬೆಯಷ್ಟು ಹುಳಿಯಿರುವುದಿಲ್ಲ. ಇಳಿಸುವ ಮುನ್ನ ಒಬ್ಬರು ನಿಂತು ರುಚಿ ನೋಡಿ ಸರಿಪಡಿಸಲೇಬೇಕು. ಅಲ್ಲಿ ಅದು ಮೇಜಿನ ಮೇಲೂ ಮುಂದುವರಿಯುತ್ತದೆ. ಶಾವಿಗೆ ಅಂಗಡಿಗಳಲ್ಲಿ ಸಕ್ಕರೆ, ಮೆಣಸಿನಪುಡಿ, ಮೆಣಸಿನಕಾಯಿ ನೆನೆಸಿದ ಹುಳಿರಸ, ಮೀನಿನ ರಸ ಎಂದು ನಾಲ್ಕು ಬಟ್ಟಲು ಇಟ್ಟಿರುತ್ತಾರೆ. ನಮ್ಮ ಬಾಳೆಲೆಯ ತುದಿಯಲ್ಲಿ ಉಪ್ಪು, ಉಪ್ಪಿನಕಾಯಿ ಬಡಿಸುವುದೂ ಇದೇ ಔದಾರ್ಯವಲ್ಲವೆ? ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುವಾಗ ಈ ಔದಾರ್ಯ ಹಿಂದೆ ಉಳಿದುಬಿಡುತ್ತದೆ. ಯಾರಿಗೂ ನೋವಾಗದಿರಲಿ ಎಂದು ಸಿಹಿ ಮಾಡಿ ಕಳಿಸುತ್ತಾರೆ. ಎಲ್ಲರಿಗೂ ಹಿಡಿಸಬೇಕೆಂದು ಮಾಡಿದ್ದು ಕಡೆಗೆ ಯಾರ ನಾಲಿಗೆಯಲ್ಲೂ ಉಳಿಯುವುದಿಲ್ಲ.

ಊರಿಗೆ ಮರಳಿದ ಮೇಲೆ ಸುಂಡೆಕಾಯಿ ಹುಡುಕಿ ತಂದು ಹಸಿರು ಕರಿ ಮಾಡಿದೆ. ಕುಂಡದಲ್ಲಿದ್ದ ಮಜ್ಜಿಗೆ ಹುಲ್ಲು, ಸೂಜಿಮೆಣಸು, ಕೊತ್ತಂಬರಿ ಬೇರು ಸೇರಿಸಿ ಕಲ್ಲಿನಲ್ಲಿ ಅರೆದೆ. ಉಪ್ಪಿಗೆ ಸೋಯಾ ರಸ. ಇಳಿಸುವ ಮುಂಚೆ ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿದೆ. ಉಪ್ಪು ಒಂದು ಕಲ್ಲು ಕಮ್ಮಿಯಿತ್ತು. ಹಾಕಿದೆ. ಊಟಕ್ಕೆ ಕೂತಾಗ ಮನೆಯವರು ಒಂದು ತುತ್ತು ತಿಂದು ಏನೋ ಹೇಳಲು ಬಾಯಿ ತೆರೆದರು.

"ಉಪ್ಪು ಸರಿಯಾಗಿದೆ, ನಾನೇ ನೋಡಿದ್ದೀನಿ" ಎಂದೆ.