ಪಾಠ ಮಾರುವ ಪಾಠ

ಪುಸ್ತಕ ವಿಮರ್ಶೆಗೆ ಮೀಸಲಾದ ಈ ಪುಟದಲ್ಲಿ ಈ ಸಲ ಪುಸ್ತಕವಿಲ್ಲ. ನಾವು ಎತ್ತಿಕೊಂಡಿರುವುದು ಮೊಬೈಲಿನಲ್ಲಿ ನೋಡುವ ಒಂದು ಪಾಠಮಾಲೆಯನ್ನು. ವಿಡಿಯೋ ಪಾಠಗಳನ್ನು ತಯಾರಿಸಿ ಅಂತರಜಾಲದಲ್ಲಿ ಮಾರುವುದು ಹೇಗೆಂದು ಕಲಿಸುವ ವಿಡಿಯೋ ಪಾಠಮಾಲೆ ಅದು. ನಮ್ಮ ಕಟ್ಟಡದ ಮೂರನೆಯ ಮಾಳಿಗೆಯ ಸೋದರಿಯೊಬ್ಬರು ೪,೯೯೯ ರೂಪಾಯಿ ಕೊಟ್ಟು ಇದಕ್ಕೆ ಸೇರಿದ್ದರು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡ ಓದಲು ಕಲಿಸುವ ಪಾಠಗಳನ್ನು ಮಾಡಬೇಕೆಂಬುದು ಅವರ ಬಹುದಿನದ ಆಸೆ. ಇಪ್ಪತ್ತೆರಡು ಪಾಠ ಮುಗಿಯುತ್ತಲೇ "ಮುಂದಿನ ಹಂತ"ಕ್ಕೆ ೨೪,೯೯೯ ರೂಪಾಯಿ ಕಟ್ಟಿರೆಂದು ದೂರವಾಣಿ ಕರೆ ಬಂತು. ಕಟ್ಟಬೇಕೆ, ಬೇಡವೆ ಎಂದು ಅವರು ನಮ್ಮನ್ನು ಕೇಳಿದರು. ಬಿ.ಎಸ್ಸಿ. ಓದಿದವರಿಗೆ ಇಂಥವೆಲ್ಲ ಗೊತ್ತಿರುತ್ತದೆಂಬ ನಂಬಿಕೆ ಇನ್ನೂ ಉಳಿದಿದೆ! ಎರಡು ವಾರ, ಸಂಜೆ ಕಚೇರಿಯಿಂದ ಬಂದ ಮೇಲೆ, ಅವರ ಮನೆಯವರೊಡನೆ ಕುಳಿತು ಇಪ್ಪತ್ತೆರಡನ್ನೂ ನೋಡಿದೆವು.

ನಮ್ಮ ನಿಷ್ಪಕ್ಷಪಾತದ ಬಗ್ಗೆ ಓದುಗರಿಗೆ ಸಂಶಯ ಬೇಡ. ಕೇಂದ್ರ ಸರಕಾರದ ನೌಕರರ ೧೯೬೪ರ ನಡತೆ ನಿಯಮಗಳಲ್ಲಿ ಹದಿನೈದನೆಯದು, ಪೂರ್ವಾನುಮತಿಯಿಲ್ಲದೆ ನಾವು ಖಾಸಗಿ ವ್ಯಾಪಾರ ಮಾಡಕೂಡದೆನ್ನುತ್ತದೆ. ಆದ್ದರಿಂದ ಈ ಗಿರಾಕಿಗಿರಿಯಲ್ಲಿ ನಮಗೆ ಲಾಭವೂ ಇಲ್ಲ, ಹೊಟ್ಟೆಕಿಚ್ಚೂ ಇಲ್ಲ.

ಮೊದಲು ಗುಣವನ್ನು ಹೇಳಬೇಕು. ಚಿತ್ರ ತುಸು ಮಂಕಾದರೂ ಜನ ಸಹಿಸುತ್ತಾರೆ, ಧ್ವನಿ ಕೆಟ್ಟರೆ ಸಹಿಸುವುದಿಲ್ಲ. ಆದ್ದರಿಂದ ಮೊದಲ ಖರ್ಚು ಅಂಗಿಗೆ ಸಿಕ್ಕಿಸುವ ಸಣ್ಣ ಮೈಕಿಗೆ ಇರಲಿ. ಕಿಟಕಿಗೆ ಬೆನ್ನು ಮಾಡಿ ಕೂರಬೇಡಿ, ಮುಖ ಮಾಡಿ ಕೂರಿ. ಈ ಎರಡು ಮಾತು ಒಪ್ಪತಕ್ಕವು. ಎರಡನ್ನೂ ಹೇಳಲು ಎರಡು ಪಾಠ ಸಾಕಾಗಿದೆ. ಉಳಿದವುಗಳಲ್ಲಿ ಹದಿನಾರು ಪಾಠ ಮಾರಾಟದ್ದೇ. ಬೆಲೆಯನ್ನು ೫೦೦ ಎನ್ನದೆ ೪೯೯ ಎನ್ನುವುದು, "ಇಂದು ರಾತ್ರಿಗೆ ಮುಗಿಯುತ್ತದೆ" ಎಂದು ಗಡಿಯಾರ ತೋರಿಸಿ ಅವಸರ ಹುಟ್ಟಿಸುವುದು, ಪುಕ್ಕಟೆ ಉಪನ್ಯಾಸಕ್ಕೆ ಕರೆದು ಕೊನೆಯ ಹತ್ತು ನಿಮಿಷದಲ್ಲಿ ಬೆಲೆ ಹೇಳುವುದು. ಸೋದರಿಯವರು ಈ ಪಾಠಮಾಲೆಗೆ ಸೇರಿದ್ದೂ ಇದೇ ಉಪಾಯಗಳಿಂದ ಎಂಬುದು ಹನ್ನೊಂದನೆಯ ಪಾಠದಲ್ಲಿ ಅವರಿಗೆ ಹೊಳೆಯಿತಂತೆ. ಕಲಿಯುವವನು ಎಲ್ಲಿ ಎಡವುತ್ತಾನೆ, ಅದನ್ನು ತಿಳಿಯುವುದು ಹೇಗೆ ಎಂಬುದಕ್ಕೆ ಒಂದು ಪಾಠವೂ ಇಲ್ಲ.

ಇದು ಒಬ್ಬ ಗುರುವಿನ ದೋಷವಷ್ಟೇ ಅಲ್ಲ, ಈ ಪೇಟೆಯ ಲೆಕ್ಕವೇ ಹಾಗಿದೆ. ೨೦೧೦ರಲ್ಲಿ ಆರಂಭವಾದ ಯುಡೆಮಿ ಎಂಬ ಅಮೆರಿಕದ ಸಂತೆಯನ್ನೇ ನೋಡಿ. ಅರ್ಧ ಗಂಟೆಯ ವಿಡಿಯೋ, ಐದು ಪಾಠ ಇದ್ದರೆ ಯಾರೂ ಅಲ್ಲಿ ಅಂಗಡಿ ಇಡಬಹುದು. ಗಿರಾಕಿಯನ್ನು ತನ್ನ ಕೂಪನ್ನಿನಿಂದ ತಾನೇ ಕರೆತಂದರೆ ಶಿಕ್ಷಕನಿಗೆ ಮಾರಾಟದ ಹಣದಲ್ಲಿ ಶೇಕಡಾ ೯೭ರ ಪಾಲು; ಗಿರಾಕಿ ಸಂತೆಯಲ್ಲಿ ತಾನಾಗಿ ಅಡ್ಡಾಡುತ್ತ ಬಂದು ಕೊಂಡರೆ ಶೇಕಡಾ ೩೭. ಪಾಠ ಅದೇ, ದುಡಿಮೆ ಅದೇ. ಹೆಚ್ಚಿನ ಶೇಕಡಾ ೬೦ ಸಿಗುವುದು ಕಲಿಸಿದ್ದಕ್ಕಲ್ಲ, ಕರೆತಂದದ್ದಕ್ಕೆ. ಹೀಗಿರುವಾಗ ಮೇಷ್ಟ್ರು ಸಂಜೆಯ ಹೊತ್ತನ್ನು ಎಲ್ಲಿ ಕಳೆದಾನು?

ಹಾಗಾದರೆ ಒಳ್ಳೆಯ ವಿಡಿಯೋ ಪಾಠ ಯಾವುದು? ಎಡೆಕ್ಸ್ ಸಂಸ್ಥೆಯ ಪಾಠಗಳನ್ನು ಜನ ನೋಡಿದ ೬೯ ಲಕ್ಷ ಸಲದ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು ೨೦೧೪ರಲ್ಲಿ ಪ್ರಕಟವಾಯಿತು. ವಿಡಿಯೋ ಎಷ್ಟೇ ಉದ್ದವಿರಲಿ, ಸಾಮಾನ್ಯವಾಗಿ ನೋಡುಗ ನಿಲ್ಲುವುದು ಆರು ನಿಮಿಷದೊಳಗೆ ಎಂದು ಅದರಲ್ಲಿ ಕಂಡಿತು. ದುಬಾರಿ ಸ್ಟುಡಿಯೋದ ಚಿತ್ರಗಳಿಗಿಂತ ಶಿಕ್ಷಕ ಮೇಜಿನ ಬಳಿ ಸಲಿಗೆಯಿಂದ ಕುಳಿತು ಹೇಳಿದ್ದು, ಸಿದ್ಧ ಸ್ಲೈಡುಗಳಿಗಿಂತ ಕೈಯಿಂದ ಬರೆಯುತ್ತ ವಿವರಿಸಿದ್ದು ಜನರನ್ನು ಹೆಚ್ಚು ಹಿಡಿದಿಟ್ಟಿತ್ತು. ನಮ್ಮ ಪಾಠಮಾಲೆಯಾದರೋ ನಲವತ್ತು ನಿಮಿಷದ ಪಾಠ, ಹಿಂದೆ ನೀಲಿ ದೀಪ! ೨೦೦೪ರಲ್ಲಿ ಬಾಸ್ಟನ್ನಿನಲ್ಲಿದ್ದ ಸಲ್ಮಾನ್ ಖಾನ್ (ಚಿತ್ರನಟನಲ್ಲ) ದೂರದ ಊರಿನ ತನ್ನ ಬಂಧುವಿನ ಮಗಳೊಬ್ಬಳಿಗೆ ಗಣಿತದಲ್ಲಿ ಅಳತೆಗಳ ಪರಿವರ್ತನೆ ಹತ್ತುವುದಿಲ್ಲವೆಂದು ಹೇಳಿಕೊಡತೊಡಗಿದ. ವಿಡಿಯೋ, ಸಂಸ್ಥೆ, ಹೆಸರು ಎಲ್ಲ ಬಂದದ್ದು ಆಮೇಲೆ. ಎದುರಿಗೆ ಮೊದಲು ಒಂದು ಮಗುವಿತ್ತು, ಆ ಮಗುವಿಗೆ ಒಂದು ತೊಡಕಿತ್ತು.

ನಮ್ಮ ಸೋದರಿಯವರ ಎದುರಿಗೂ ಇದೆ. ಶಾಲೆಯಲ್ಲಿ ದೇವನಾಗರಿ ಕಲಿತ ನಮ್ಮ ಮಕ್ಕಳಿಗೆ ಎ-ಏ, ಒ-ಓ ಭೇದ ಕಿವಿಗೇ ಹತ್ತುವುದಿಲ್ಲ. "ಕೊಡು" ಎಂದು ಬರೆದರೆ "ಕೋಡು" ಎಂದು ಓದುತ್ತಾರೆ. ಒತ್ತಕ್ಷರ ಇನ್ನೂ ಕಷ್ಟ. "ಆಸ್ತಿ" ಎಂಬಲ್ಲಿ ಇಕಾರದ ಗುಡಿಸು ಇರುವುದು ಸಕಾರದ ಮೇಲೆ, ಉಚ್ಚಾರವಾಗುವುದು ಕೆಳಗಿನ ತಕಾರದ ನಂತರ. ಹುಡುಗ "ಆಸಿತ" ಎನ್ನುತ್ತಾನೆ. ಅವನನ್ನು ದಡ್ಡನೆನ್ನುವಂತಿಲ್ಲ, ಕಣ್ಣಿಗೆ ಕಂಡ ಕ್ರಮದಲ್ಲಿ ಓದಿದ್ದಾನೆ. ಊರಿನಲ್ಲಿ ಅಚ್ಚಾಗುವ ಬಾಲಬೋಧೆಗಳಿಗೆ ಈ ತೊಡಕಿನ ಅರಿವಿರಬೇಕಾದ ಕಾರಣವಿಲ್ಲ. ಅಲ್ಲಿಯ ಮಗು ಕನ್ನಡದಿಂದಲೇ ಓದು ಆರಂಭಿಸುತ್ತದೆ. ಹೊರನಾಡಿನಲ್ಲಿ ಮಗುವಿನ ಪಕ್ಕ ಕುಳಿತವರಿಗೆ ಮಾತ್ರ ಇದು ಗೊತ್ತು. ಇದನ್ನು ಸೋದರಿಯವರು ನಮಗೆ ಐದೇ ನಿಮಿಷದಲ್ಲಿ, ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದು ತೋರಿಸಿದರು. ಇಪ್ಪತ್ತೆರಡು ಪಾಠಗಳಲ್ಲಿ ಇಷ್ಟು ಸ್ಪಷ್ಟವಾದ ಐದು ನಿಮಿಷ ನಮಗೆ ಸಿಗಲಿಲ್ಲ.

ಹಗಲು ಹೋಟೆಲಿನಲ್ಲಿ ದುಡಿದು ಈ ಊರಿನ ಕನ್ನಡ ರಾತ್ರಿಶಾಲೆಗಳಲ್ಲಿ ಎಸ್.ಎಸ್.ಸಿ. ಮುಗಿಸಿದ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ತೂಕಡಿಸುವ ಹುಡುಗನನ್ನು ಮೇಷ್ಟ್ರು ಹೆಸರು ಹಿಡಿದು ಎಬ್ಬಿಸುತ್ತಿದ್ದರೆಂದು ಅವರು ಹೇಳುವುದುಂಟು. ವಿಡಿಯೋಕ್ಕೆ ಅದು ಸಾಧ್ಯವಿಲ್ಲ. ಆದರೆ ರಾತ್ರಿಶಾಲೆಗೆ ಬರಲಾಗದ ವಿರಾರಿನ ಮಗುವನ್ನು, ದಿಲ್ಲಿಯ ಮಗುವನ್ನು ಅದು ಮುಟ್ಟಬಲ್ಲದು. ತಿಳಿಯದಿದ್ದರೆ ಹತ್ತು ಸಲ ಹಿಂದಕ್ಕೆ ತಿರುಗಿಸಿ ನೋಡಬಹುದು. ದುಡ್ಡು ತೆಗೆದುಕೊಳ್ಳುವುದೂ ತಪ್ಪಲ್ಲ. ಶ್ರಮಕ್ಕೆ ಬೆಲೆ ಬೇಡವೆಂದು ಗೃಹಿಣಿಯರಿಗೆ ಮಾತ್ರ ಉಪದೇಶ ಮಾಡುವ ಚಾಳಿ ನಮ್ಮಲ್ಲಿ ಹಳೆಯದು.

"ಮುಂದಿನ ಹಂತ"ಕ್ಕೆ ಹಣ ಕಟ್ಟಬೇಡಿರೆಂದೆವು, ಅವರೂ ಕಟ್ಟಲಿಲ್ಲ. ಎಂಟುನೂರು ರೂಪಾಯಿಯ ಮೈಕು ಬಂದಿದೆ. ಅಡಿಗೆಮನೆಯ ಸ್ಟೂಲಿನ ಮೇಲೆ ಡಬ್ಬಗಳನ್ನು ಪೇರಿಸಿ, ಮೊಬೈಲನ್ನು ಕೆಳಮುಖ ಮಾಡಿ ನಿಲ್ಲಿಸಿ, ಕೈ ಬರೆಯುವುದಷ್ಟೇ ಕಾಣುವಂತೆ ನಾಲ್ಕು ಪಾಠ ಮಾಡಿದ್ದಾರೆ. ಒಂದೊಂದೂ ಐದಾರು ನಿಮಿಷ. ಬೆಲೆ ಇನ್ನೂ ನಿರ್ಧಾರವಾಗಿಲ್ಲ. ಕಳೆದ ಭಾನುವಾರ ನಮ್ಮ ಮನೆಯಲ್ಲಿ ಏಳು ಮಕ್ಕಳನ್ನು ಕೂರಿಸಿ ತೋರಿಸಿದರು. ಮೂರನೆಯ ಪಾಠ ಮುಗಿದ ಮೇಲೂ ಒಬ್ಬ ಹುಡುಗ "ಆಸಿತ" ಎಂದೇ ಓದಿದ. ಆ ಪಾಠವನ್ನು ಅಳಿಸಿ, ಈಗ ಮತ್ತೆ ತೆಗೆಯುತ್ತಿದ್ದಾರೆ.